ಕಕ್ಕಡದ ಮಳೆಯಲ್ಲಿ 3 ಕಿಲೋವ್ಯಾಟ್ ಸೌರ ಘಟಕ

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ತೋಟದ ಮನೆಗೆ 3 ಕಿಲೋವ್ಯಾಟ್‌ನ ಸೌರ ಫಲಕ ಮತ್ತು ಬ್ಯಾಟರಿಗಳನ್ನು ಅಳವಡಿಸಿ ಒಂದು ವರ್ಷವಾಗಿರುವುದರಿಂದ, ಬಿಸಿಲು ಮಳೆಗಳೆರಡನ್ನೂ ಕಂಡ ಮೇಲಿನ ಅಭಿಪ್ರಾಯವಿದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದಿನಕ್ಕೆ 12 ಯೂನಿಟ್‌ವರೆಗೆ ವಿದ್ಯುತ್ ದೊರೆತು ದೀಪ, ಫ್ರಿಜ್, ಸಣ್ಣ ಪಂಪ್ ನಿರಾತಂಕವಾಗಿ ನಡೆದವು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯ ಕೊಡವ ತಿಂಗಳಾದ ಕಕ್ಕಡದಲ್ಲಿ ಮಾತ್ರ ವಾರಗಟ್ಟಲೆ ಮೋಡ ಸರಿಯದೆ ಉತ್ಪಾದನೆ 2 ಯೂನಿಟ್‌ಗೆ ಕುಸಿಯಿತು. ಮಾರಾಟಗಾರರ ಲೆಕ್ಕ ಬಯಲುಸೀಮೆಯ ಬಿಸಿಲಿನದ್ದೆಂದು ಆಗ ತಿಳಿಯಿತು. ಅವರು ಸೂಚಿಸಿದ ದೊಡ್ಡ ಬ್ಯಾಟರಿಯೂ ನಿಷ್ಪ್ರಯೋಜಕ, ಏಕೆಂದರೆ ತುಂಬಿಸಲು ಬಿಸಿಲೇ ಇಲ್ಲ.

ಹಾಗೆಂದು ಡೀಸೆಲ್ ಜನರೇಟರಿಗೆ ಮರಳುವ ಮನಸ್ಸಿಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್‌ನಷ್ಟು ಶಕ್ತಿ ಅಡಗಿದೆ, ಅಂದರೆ ನಮ್ಮ ಛಾವಣಿ ದಿನವಿಡೀ ದುಡಿದು ಕೊಡುವುದು ಒಂದು ಬಾಟಲಿಗೆ ಸಮ. ಆದರೆ ಸಣ್ಣ ಜನರೇಟರ್ ಅದರ ಬಹುಪಾಲನ್ನು ಬರಿಯ ಶಾಖವಾಗಿ ಕಳೆಯುತ್ತದೆ. ಇಷ್ಟು ಸಾಂದ್ರವಾದ ಇಂಧನವನ್ನು ಲೋಕ ನಂಬಿ ನಿಂತಿರುವುದರಿಂದಲೇ, 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ತಡೆದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ನೈಸರ್ಗಿಕ ಅನಿಲ ದುಬಾರಿಯಾದಾಗ, ಅದರಿಂದ ತಯಾರಾಗುವ ಯೂರಿಯಾಕ್ಕೂ ಬಿಸಿ ತಟ್ಟಿತು. ನಮ್ಮ ಕಾಫಿ ಗಿಡಗಳಿಗೆ ಅದು ತಿಳಿಯದಿದ್ದುದು ಸಬ್ಸಿಡಿಯ ದೆಸೆಯಿಂದ.

ಅಳವಡಿಸಲು ಬಂದವರ ಕೆಲಸ ಅಚ್ಚುಕಟ್ಟು, ಸಲಹೆ ಮಾತ್ರ ಒರಟು. ಫಲಕಕ್ಕೆ ನೆರಳಾಗುವ ಬಳಂಜಿ ಎಂಬ ಎತ್ತರದ ಮರಗಳನ್ನು ಕಡಿಯಿರಿ ಎಂದರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡ ನಾವು, ಮಣ್ಣು ಹಿಡಿದಿಡುವ ಮರಗಳನ್ನು ಕಡಿಯಲು ಒಪ್ಪದೆ, ಫಲಕಗಳನ್ನೇ ದನದ ಕೊಟ್ಟಿಗೆಯ ಮೇಲಕ್ಕೆ ಸರಿಸಿಕೊಂಡೆವು. ಮಳೆಗಾಲದ ಅಡುಗೆ ಈಗ ಗೋಬರ್ ಗ್ಯಾಸ್‌ನಲ್ಲಿ ನಡೆಯುತ್ತಿದೆ.