ಜಾಮೆಟ್ರಿ ಲೈಬ್ರರಿಯೊಳಗೆ ಭೂಮಿ ಎಷ್ಟಿರಬೇಕು?

ಬೆಂಗಳೂರಿನಿಂದ ಮಂಗಳೂರಿಗೆ ನೇರ ದೂರ ಎಷ್ಟು ಅಂತ ಶೇಪ್ಲಿಯನ್ನು (ಬಿಂದು, ಗೆರೆ, ಆಕಾರಗಳ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ) ಕೇಳಿದೆ. 2.73 ಅಂತ ಬಂತು. ಅದು ಡಿಗ್ರಿ, ಕಿಲೋಮೀಟರ್ ಅಲ್ಲ. ಅದೇ ಎರಡು ಬಿಂದು ನಕ್ಷೆ ಡೇಟಾಬೇಸ್ ಆದ ಪೋಸ್ಟ್‌ಜಿಐಎಸ್‌ನ ಜಿಯಾಗ್ರಫಿ ಟೈಪ್‌ಗೆ ಕೊಟ್ಟರೆ ಉತ್ತರ ಮೀಟರ್‌ನಲ್ಲೇ ಬಂತು, ಸುಮಾರು 296 ಕಿ.ಮೀ. ಶೇಪ್ಲಿಯ ತಪ್ಪೇನಿಲ್ಲ. ಅದಕ್ಕೆ ಗೊತ್ತಿರುವುದು ಚಪ್ಪಟೆ ಹಾಳೆ, ಎಕ್ಸ್ ಮತ್ತು ವೈ, ಅಷ್ಟೇ.

ಭೂಮಿಯ ವಿಷಯ ಹೊರಗಿಡಿ, ಮೊದಲೇ ಪ್ರೊಜೆಕ್ಟ್ ಮಾಡ್ಕೊಂಡು, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸಿಕೊಂಡು, ಬನ್ನಿ ಅನ್ನುವವರಿದ್ದಾರೆ. ಊರಿನ ಕೆರೆಗಳ ಅಳತೆಗೆ ಅದು ನಿಜಕ್ಕೂ ಸಾಕು. ನಾನೂ ಯುಟಿಎಂ (ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ಚಪ್ಪಟೆ ಮಾಡುವ ಪ್ರೊಜೆಕ್ಷನ್) 43ನೇ ವಲಯ ಹಾಕಿಯೇ ಕೆಲಸ ಮುಗಿಸಿದ್ದೆ. ಆದರೆ ಆ ವಲಯ 78 ಡಿಗ್ರಿ ಪೂರ್ವ ರೇಖಾಂಶಕ್ಕೆ ಮುಗಿಯುತ್ತದೆ, ಕೋಲಾರ ಆಗಲೇ 44ರಲ್ಲಿದೆ. ದೇಶದುದ್ದಕ್ಕೂ ಡೇಟಾ ಇದ್ದರೆ ಯಾವ ವಲಯ ಹಾಕ್ತೀರಿ?

ಗೂಗಲ್‌ನ ಎಸ್2 ಲೈಬ್ರರಿ ಇನ್ನೊಂದು ತುದಿ. ಅಲ್ಲಿ ಎಲ್ಲವೂ ಗೋಳದ ಮೇಲೆಯೇ. ನನಗೆ ತುಂಬಾ ಹಿಡಿಸಿದ್ದು ಫಿಜಿ ದ್ವೀಪಗಳ ಪರೀಕ್ಷೆ. ಫಿಜಿ 180ನೇ ರೇಖಾಂಶದ ಎರಡೂ ಕಡೆ ಹರಡಿದೆ, ಹಾಗಾಗಿ ಶೇಪ್ಲಿಯಲ್ಲಿ ಅದರ ಚೌಕಟ್ಟು ಇಡೀ ಪ್ರಪಂಚದಷ್ಟು ಅಗಲವಾಯಿತು. ಎಸ್2ನಲ್ಲಿ ಆ ತೊಂದರೆಯೇ ಇಲ್ಲ, ಯಾಕಂದ್ರೆ ಅಲ್ಲಿ ಬಿಂದು ಅಂದರೆ ಗೋಳದ ನಡುವಿನಿಂದ ಹೊರಟ ಮೂರು ಸಂಖ್ಯೆಗಳ (ಎಕ್ಸ್, ವೈ, ಝಡ್) ವೆಕ್ಟರ್. ಆದರೆ ಭೂಮಿ ಪೂರ್ತಿ ದುಂಡಗಿಲ್ಲ ಅಲ್ವಾ? ಮಂಗಳೂರಿನ ದೂರ 300-400 ಮೀಟರ್ ಕಡಿಮೆ ಬಂತು. ಮತ್ತೆ ಎರಡು ಬಿಂದುಗಳ ನಡುವಿನ ಗೆರೆ ಅಲ್ಲಿ ಮಹಾವೃತ್ತ, ಅಂದರೆ ಗೋಳದ ಮೇಲಿನ ಅತಿ ಹತ್ತಿರದ ದಾರಿ. ಅಮೆರಿಕ-ಕೆನಡಾ ಗಡಿಯ 49ನೇ ಅಕ್ಷಾಂಶಕ್ಕೆ ಬರೀ ಎರಡು ತುದಿ ಕೊಟ್ಟೆ, ಗೆರೆ ನಡುವೆ 90 ಕಿ.ಮೀ.ಗೂ ಜಾಸ್ತಿ ಉತ್ತರಕ್ಕೆ ಉಬ್ಬಿತು. ದಾರಿಯಲ್ಲಿ ಇನ್ನಷ್ಟು ಬಿಂದು ಸೇರಿಸಿದ ಮೇಲೆ ಸರಿಹೋಯಿತು.

ನನ್ನ ಓಟು ಸಿ++ ಲೈಬ್ರರಿಯಾದ ಬೂಸ್ಟ್ ಜಾಮೆಟ್ರಿಗೆ. ಬಿಂದುವಿನ ಟೈಪ್‌ನಲ್ಲೇ ಇದು ಚಪ್ಪಟೆ, ಇದು ಗೋಳ, ಇದು ಭೂಮಿ ಅಂತ ಹೇಳಿಬಿಟ್ಟರೆ ದೂರದ ಫಂಕ್ಷನ್ ಅದೇ, ಒಳಗಿನ ಲೆಕ್ಕ ಮಾತ್ರ ಬೇರೆ. ಭೂಮಿಯ ಮೇಲಿನ ದೂರಕ್ಕೆ ಸೂತ್ರವನ್ನೂ ಆರಿಸಬಹುದು. ಆಂಡೊಯರ್ ಸೂತ್ರ ವೇಗ, ನಿಖರತೆ ಸ್ವಲ್ಪ ಕಡಿಮೆ. 1975ರ ವಿನ್ಸೆಂಟಿ ಸೂತ್ರ ಬಹಳ ನಿಖರ, ಆದರೆ ಭೂಮಿಯ ಎದುರುಬದುರು ತುದಿಗಳ ಹತ್ತಿರ ಕೈಕೊಡಬಹುದು. ಕಂಪೈಲ್ ಎರರ್‌ಗಳು ಪುಟಗಟ್ಟಲೆ ಬರುತ್ತವೆ, ಕಲಿಯಲು ತಾಳ್ಮೆ ಬೇಕೇ ಬೇಕು.

ದೂರ, ವಿಸ್ತೀರ್ಣ, ಗೆರೆ ಅಂದರೆ ಏನು, 180 ದಾಟುವುದು ಹೇಗೆ: ಇವು ಲೈಬ್ರರಿ ಒಳಗೇ ಇರಬೇಕು, ಇವಿಲ್ಲದಿದ್ದರೆ ಉತ್ತರವೇ ತಪ್ಪು. ಪ್ರೊಜೆಕ್ಷನ್‌ಗಳು ಬೇಡ. ಅವುಗಳ ಪಟ್ಟಿ, ಡೇಟಮ್ (ಅಳತೆಗೆ ಆಧಾರವಾದ ಭೂಮಿಯ ಮಾದರಿ), ಒಂದು ಡೇಟಮ್‌ನಿಂದ ಇನ್ನೊಂದಕ್ಕೆ ಬದಲಿಸುವ ಗ್ರಿಡ್ ಫೈಲ್‌ಗಳು ಆಗಾಗ ಬದಲಾಗುತ್ತವೆ, ಪ್ರೋಜ್ ಅನ್ನೋ ಪ್ರೊಜೆಕ್ಷನ್ ಲೈಬ್ರರಿ ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ. ಶೇಪ್‌ಫೈಲ್ (ನಕ್ಷೆ ಡೇಟಾ ಇಡುವ ಫೈಲ್) ಓದುವುದೂ ಬೇಡ.