ಮೆಕ್ಯಾನಿಕ್ ಸ್ಟೆತೊಸ್ಕೋಪ್: ಕಲಬುರಗಿಯ ಬಿಸಿಲು-ಧೂಳಿನಲ್ಲಿ ಕೆಲವು ವರ್ಷಗಳ ಬಳಕೆ

ಬಾನೆಟ್ಟಿನಡಿಯ ಸದ್ದು ಯಾವ ಭಾಗದ್ದೆಂದು ಬರಿಗಿವಿಯಿಂದ ಹೇಳುವುದು ಕಷ್ಟ; ಎಲ್ಲವೂ ಒಂದೇ ಲೋಹದ ಮೈಗೆ ಬಿಗಿದಿರುವುದರಿಂದ ಒಂದು ಮೂಲೆಯ ಕಂಪನ ಮತ್ತೊಂದು ಮೂಲೆಯಲ್ಲಿ ಕೇಳಿಸುತ್ತದೆ. ವೈದ್ಯರು ಎದೆಯ ಮೇಲಿಡುವ ಬಿಲ್ಲೆಯ ಜಾಗದಲ್ಲಿ ಉಕ್ಕಿನ ಉದ್ದ ಕಡ್ಡಿಯಿರುವ ಈ ಸ್ಟೆತೊಸ್ಕೋಪನ್ನು ನಾನು ಕೊಂಡದ್ದು ಅದಕ್ಕಾಗಿಯೇ. ಬೆಲೆ ಕೆಲವೇ ನೂರು ರೂಪಾಯಿ.

ಸಿಮೆಂಟ್ ಲಾರಿಗಳ ಧೂಳು ಕುಡಿಯುತ್ತ ಸೇಡಂ ರಸ್ತೆಯಲ್ಲಿ ಓಡಾಡುವ ನನ್ನ ಪೆಟ್ರೋಲ್ ಕಾರಿನಲ್ಲಿ ಜೋಳ ಬೀಸುವ ಕಲ್ಲಿನಂಥ ಗರಗರ ಶುರುವಾದಾಗ, ಒಂದು ಗ್ಯಾರೇಜಿನವರು ಟ್ಯಾಪೆಟ್ (ವಾಲ್ವ್ ತೆರೆಯಿಸುವ ಭಾಗ) ಸದ್ದೆಂದು ಹೇಳಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಲು ಸಿದ್ಧರಾಗಿದ್ದರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಟ್ಯಾಪೆಟ್‌ಗಳನ್ನು ಒತ್ತುವ ಕ್ಯಾಮ್‌ಶಾಫ್ಟ್ ತಿರುಗುವುದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ. ಆದ್ದರಿಂದ ಟ್ಯಾಪೆಟ್ ಸಡಿಲಾದರೆ ಐಡಲ್‌ನಲ್ಲಿ (ಗಾಡಿ ನಿಂತಲ್ಲೇ ಎಂಜಿನ್ ನಿಧಾನ ತಿರುಗುವಾಗ) ಬಿಡಿಬಿಡಿಯಾದ ಟಿಕ್ ಟಿಕ್ ಕೇಳಬೇಕೇ ಹೊರತು ಎಡೆಬಿಡದ ಗರಗರವಲ್ಲ. ಕಡ್ಡಿಯ ತುದಿಯನ್ನು ವಾಲ್ವ್ ಕವರಿನ ಮೇಲಿಟ್ಟಾಗ ಸಮನಾದ ಸಣ್ಣ ಬಡಿತ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೋಲ್ಟಿನ ಮೇಲೆ ನುಣುಪಾದ ಗುಂಯ್‌ಗುಡುವಿಕೆ. ಎಂಜಿನ್ನಿನ ಬೆಲ್ಟಿಗೆ ದಾರಿ ತೋರುವ ಗಾಲಿಯಾದ ಐಡ್ಲರ್ ಪುಲ್ಲಿಯ ನಡುವಿನ ಬೋಲ್ಟಿಗೆ ತಾಗಿಸಿದೊಡನೆ ಮಾತ್ರ ಕಿವಿ ತುಂಬ ಗರಗರ. ಖಚಿತಪಡಿಸಿಕೊಳ್ಳಲು ಬೆಲ್ಟ್ ತೆಗೆದು ಎಂಜಿನ್ ಚಾಲೂ ಮಾಡಿದರೆ ಸದ್ದೇ ಇಲ್ಲ. (ಎಂಜಿನ್ ತಣಿಸುವ ವಾಟರ್ ಪಂಪ್ ಕೂಡ ಅದೇ ಬೆಲ್ಟಿನಿಂದ ತಿರುಗುವುದಾಗಿದ್ದರೆ, ಎಂಜಿನ್ ಕಾಯದಂತೆ ಈ ಪರೀಕ್ಷೆಯನ್ನು ಅರ್ಧ ನಿಮಿಷದೊಳಗೆ ಮುಗಿಸಬೇಕು.) ಪುಲ್ಲಿ ಬದಲಾಯಿತು, ಹೆಡ್ ಬಿಚ್ಚುವ ಪ್ರಸಂಗ ಬರಲಿಲ್ಲ.

ಸಾಧನಕ್ಕೆ ಮಿತಿಗಳೂ ಇವೆ. ಆರೋಗ್ಯವಂತ ಎಂಜಿನ್ನಿನಲ್ಲಿ ಇಂಧನ ಚಿಮ್ಮಿಸುವ ಇಂಜೆಕ್ಟರ್ ಕೂಡ ಇದರಲ್ಲಿ ಸುತ್ತಿಗೆಯ ಹೊಡೆತದಂತೆ ಕೇಳಿಸುವುದರಿಂದ, ಗಾಡಿ ಚೆನ್ನಾಗಿರುವಾಗಲೇ ಎಲ್ಲೆಡೆ ಇಟ್ಟು ಕೇಳಿ ಕಿವಿಯನ್ನು ಪಳಗಿಸಿಕೊಳ್ಳದವರಿಗೆ ಇದು ಗಾಬರಿಯನ್ನಷ್ಟೇ ಕೊಡುತ್ತದೆ. ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿಕೆಗೆ ಕಡ್ಡಿ ನಿರುಪಯೋಗಿ; ಆ ಸದ್ದು ಬರುವುದು ಗಾಳಿಯ ಮೂಲಕ. ಕಡ್ಡಿಯನ್ನು ಕಳಚಿ ತೆರೆದ ರಬ್ಬರ್ ನಳಿಕೆಯನ್ನು ಜೋಡಣೆಯ ಉದ್ದಕ್ಕೂ, ಬಿಸಿ ಲೋಹಕ್ಕೆ ತಾಗದಂತೆ ಸರಿಸಬೇಕು. ಲೋಹ ಕಾದು ಹಿಗ್ಗಿದರೆ ಆ ಸದ್ದು ಅಡಗುವುದರಿಂದ ತಣ್ಣಗಿನ ಎಂಜಿನ್ನೇ ಬೇಕು. ನಲವತ್ತು ಡಿಗ್ರಿ ದಾಟುವ ನಮ್ಮೂರಿನ ಮೇ ತಿಂಗಳಲ್ಲಿ ಅದಕ್ಕೆ ನಸುಕಿನ ಹೊತ್ತನ್ನು ಬಿಟ್ಟರೆ ಬೇರೆ ಸಮಯವಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಬಡಿತ ಇಡೀ ಬ್ಲಾಕಿನಲ್ಲಿ ಹರಡುವುದರಿಂದ, ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ ಸಂಪರ್ಕ ತಪ್ಪಿಸಿ ಯಾವಾಗ ಬಡಿತ ಕುಗ್ಗುತ್ತದೆಂದು ನೋಡುವುದೇ ಮೇಲು. ಅಂಥ ಬಡಿತ ಕೇಳಿದ ಗಾಡಿಯನ್ನು ಓಡಿಸಬಾರದು.

ಜೋತಾಡುವ ನಳಿಕೆ ಬೆಲ್ಟಿಗೆ ಸಿಕ್ಕೀತೆಂಬ ಎಚ್ಚರ ಸದಾ ಇರಲಿ. ರೇಡಿಯೇಟರಿನ ವಿದ್ಯುತ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗತೊಡಗಬಹುದು. ಬಾಳಿಕೆಯ ಮಟ್ಟಿಗೆ ಕಡ್ಡಿಗೆ ಏನೂ ಆಗಿಲ್ಲ, ಆದರೆ ಕಾರಿನ ಡಿಕ್ಕಿಯೊಳಗಿನ ಕಾವಿಗೆ ನಳಿಕೆ ಬಿರುಕು ಬಿಟ್ಟಿತು, ಕಿವಿಯ ತುದಿಗಳು ಗಟ್ಟಿಯಾದವು. ವೈದ್ಯಕೀಯ ಸಲಕರಣೆಗಳ ಅಂಗಡಿಯಲ್ಲಿ ಸಿಗುವ ನಳಿಕೆ ಮತ್ತು ತುದಿಗಳು ಇದಕ್ಕೂ ಕೂರುತ್ತವೆ. ಈಗ ಅವನ್ನೇ ಹಾಕಿಸಿ, ಸಾಧನವನ್ನು ಮನೆಯೊಳಗೆ ಇಡುತ್ತಿದ್ದೇನೆ.