14 ತಿಂಗಳ ಚಿತ್ರಕಲೆ ಕ್ಲಾಸು: ಮೊದಲ ನಾಲ್ಕು ತಿಂಗಳು ಬರೀ ಪೆನ್ಸಿಲ್

ವಿಜಯಪುರದಲ್ಲಿ ಭಾನುವಾರದ ಚಿತ್ರಕಲೆ ಕ್ಲಾಸಿಗೆ ಹೋಗಲು ಶುರು ಮಾಡಿ 14 ತಿಂಗಳಾಯಿತು. ಸೇರುವಾಗ ನನಗೆ 41. ಶಾಲೆ ಬಿಟ್ಟ ಮೇಲೆ ನಾನು ಬಿಡಿಸಿದ್ದು ಅಂದರೆ ಬಾಗಿಲ ಮುಂದಿನ ರಂಗೋಲಿ ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬಣ್ಣ ಮುಟ್ಟಲು ನಾಲ್ಕು ತಿಂಗಳು ಕಾಯಬೇಕು. ಅಲ್ಲಿವರೆಗೆ ಎಚ್‌ಬಿ, 2ಬಿ, 6ಬಿ ಪೆನ್ಸಿಲ್ಲೇ ಗತಿ. ನಮ್ಮ ಆರು ಜನರಲ್ಲಿ ಇಬ್ಬರು ಎರಡನೇ ತಿಂಗಳಿಗೇ ಬೇಜಾರಾಗಿ ಬಿಟ್ಟರು, ಅವರ ಜಾಗಕ್ಕೆ ಬೇರೆ ಇಬ್ಬರು ಬಂದರು. ಬೇಗ ಒಂದು ಚಿತ್ರ ಮಾಡಿ ಹಾಲ್‌ನಲ್ಲಿ ತೂಗುಹಾಕಬೇಕು ಅನ್ನುವವರಿಗೆ ಈ ಕ್ಲಾಸು ಆಗಿಬರುವುದಿಲ್ಲ.

ಮೂರನೇ ವಾರ ಮುಂದೆ ಒಂದು ತಾಮ್ರದ ತಂಬಿಗೆ ಇಟ್ಟರು. ದಿನಾ ನೀರು ಕುಡಿಯುವ ತಂಬಿಗೆ, ಏನು ಮಹಾ ಅಂದುಕೊಂಡೆ. ಬಾಯಿಯನ್ನು ಎರಡೂ ತುದಿ ಚೂಪಾಗಿ ಕಣ್ಣಿನ ಹಾಗೆ ಬಿಡಿಸಿದೆ. ತಳಕ್ಕೆ ಒಂದು ನೇರ ಗೆರೆ. ಸರ್ ತಿದ್ದಲಿಲ್ಲ. ತಂಬಿಗೆ ಎತ್ತಿ ನನ್ನ ಕಣ್ಣಿನ ಮಟ್ಟಕ್ಕೆ ಹಿಡಿದರು. ಬಾಯಿ ಬರೀ ಗೆರೆಯಾಗಿ ಕಂಡಿತು. ನಿಧಾನಕ್ಕೆ ಇಳಿಸಿದಂತೆ ಅಗಲವಾಗುತ್ತಾ ಬಂತು. "ಬಾಯಿಗಿಂತ ತಳ ಇನ್ನೂ ಕೆಳಗ ಐತಲ್ರಿ ಅಕ್ಕಾರ. ಅದು ನೆಟ್ಟಗ ಹೆಂಗ ಇದ್ದೀತು?" ಅಂದರು. ಅವತ್ತು ಅದನ್ನೇ ಹನ್ನೊಂದು ಸಲ ಬಿಡಿಸಿದೆ. ಮನೆಗೆ ಬಂದರೆ ಚಹಾ ಕಪ್ಪಿನ ತಳವೂ ದುಂಡಗೆ ಕಾಣುತ್ತಿತ್ತು.

ಗುಂಪು ಚಿಕ್ಕದಿದ್ದರೆ ಸಿಗುವುದು ಇದೇ. ಎರಡು ಗಂಟೆ, ಆರು ಜನ, ಒಬ್ಬೊಬ್ಬರ ಪಕ್ಕ ಹತ್ತಿರಹತ್ತಿರ 20 ನಿಮಿಷ. ಯೂಟ್ಯೂಬ್‌ನಲ್ಲಿ ಎಷ್ಟು ವಿಡಿಯೋ ನೋಡಿದರೂ ನನ್ನ ತಂಬಿಗೆ ಯಾಕೆ ವಾಲಿದೆ ಅಂತ ಅದು ಹೇಳುವುದಿಲ್ಲ ಅಲ್ವಾ?

ತಿಂಗಳ ಕೊನೆಯ ಭಾನುವಾರ ಹೊರಗೆ ಕೂತು ಬಿಡಿಸುವುದು. ಮೊದಲ ಸಲ ಗೋಳಗುಮ್ಮಟ. ಮೂಲೆಯ ಮಿನಾರಿಗೆ ನಾನು ಐದು ಅಂತಸ್ತು ಬಿಡಿಸಿದ್ದೆ. ಇರುವುದು ಏಳು! ಬಂದ ನೆಂಟರನ್ನೆಲ್ಲ ಕರೆದುಕೊಂಡು ಅದೇ ಮಿನಾರಿನ ಮೆಟ್ಟಿಲು ಹತ್ತಿದವಳು ನಾನು, ಒಮ್ಮೆಯೂ ಎಣಿಸಿರಲಿಲ್ಲ. ಆಮೇಲೆ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾಹನ ಗೋರಿ, ಕಟ್ಟುವುದು ಅರ್ಧಕ್ಕೇ ನಿಂತದ್ದು. ಮೇಲೆ ಛಾವಣಿಯಿಲ್ಲ, ಕಮಾನುಗಳ ನಡುವೆಯೆಲ್ಲ ಆಕಾಶ. "ಕಲ್ಲು ಬ್ಯಾಡ್ರಿ, ನಡುವಿನ ಆಕಾಶ ಬಿಡಿಸ್ರಿ" ಅಂದರು ಸರ್. ಆಕಾಶದ ತುಂಡುಗಳನ್ನು ಒಂದೊಂದಾಗಿ ಬಿಡಿಸಿದೆ. ಕಮಾನು ತಾನಾಗೇ ಎದ್ದು ನಿಂತಿತು. ಆ ಕಲ್ಲಿಗೆ ಕಪ್ಪು ಬಣ್ಣದ ಟ್ಯೂಬ್ ತೆಗೆಯಲು ಬಿಡಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಕಲಸಿದರೆ ಬರುವ ಬೂದುಗಪ್ಪೇ ನಮ್ಮ ಊರಿನ ಕಲ್ಲಿನ ಬಣ್ಣ.

ಜಲವರ್ಣಕ್ಕೆ ನಮ್ಮ ಬಿಸಿಲು ಶತ್ರು. ಏಪ್ರಿಲ್‌ನಲ್ಲಿ ಆಕಾಶಕ್ಕೆ ವಾಶ್, ಅಂದರೆ ತೆಳು ನೀರುಬಣ್ಣ, ಎಳೆದು ಕೆಳಗೆ ಬರುವಷ್ಟರಲ್ಲಿ ಮೇಲಿನದು ಒಣಗಿ ಗೆರೆ ಬೀಳುತ್ತದೆ. ಕಾಗದದ ಹಿಂಬದಿಯನ್ನೂ ನೆನೆಸಬೇಕು, ಫ್ಯಾನ್ ಬಂದ್ ಮಾಡಬೇಕು. ವಿಜಯಪುರದ ಏಪ್ರಿಲ್‌ನಲ್ಲಿ ಫ್ಯಾನ್ ಬಂದ್! ಕಲೆಗಾಗಿ ನಾನು ಮಾಡಿದ ದೊಡ್ಡ ತ್ಯಾಗ ಅದೇ.

ಫೀಸು ತಿಂಗಳಿಗೆ 1,200 ರೂಪಾಯಿ. ಕಾಗದದ ಖರ್ಚು ಬೇರೆ. ಸಾದಾ ಡ್ರಾಯಿಂಗ್ ಶೀಟಿಗೆ ನೀರು ತಾಗಿದರೆ ಹಪ್ಪಳದ ಹಾಗೆ ಏಳುತ್ತದೆ, 300 ಜಿಎಸ್‌ಎಂನ ದಪ್ಪ ಕಾಗದವೇ ಬೇಕು. ಅದು ತುಟ್ಟಿ. ಕೆಟ್ಟ ಚಿತ್ರ ಹರಿಯಬೇಡಿ, ಹಿಂಬದಿಗೆ ಅಭ್ಯಾಸ ಮಾಡಿ. ಸೇರುವಾಗ ಅವರೇ ಕೊಟ್ಟ ಕಿಟ್‌ನಲ್ಲಿ ಆಯಿಲ್ ಪೇಸ್ಟಲ್ ಡಬ್ಬಿ ಇತ್ತು. ಕ್ಲಾಸಿನಲ್ಲಿ ಒಂದು ದಿನವೂ ತೆಗೆಯಲಿಲ್ಲ. ಸುಮ್ನೆ ದುಡ್ಡು ದಂಡ. ಈಗ ಮಗಳ ಪಾಲಾಗಿದೆ.

ನನ್ನ ಸಿಟ್ಟು ಇರುವುದು ಬೇಸಿಗೆ ರಜೆಯ ಬಗ್ಗೆ. ಆರು ಜನರ ಬ್ಯಾಚಿಗೆ ಏಳು ಮಕ್ಕಳನ್ನು ತುಂಬಿದರು. 20 ನಿಮಿಷ ಇದ್ದದ್ದು ಎಂಟು, ಒಂಬತ್ತಕ್ಕೆ ಇಳಿಯಿತು. ಫೀಸು ಮಾತ್ರ ಒಂದು ರೂಪಾಯಿ ಇಳಿಯಲಿಲ್ಲ. ಕೇಳಿದರೆ, "ಸಣ್ಣ ಹುಡುಗ್ರು, ಎರಡು ತಿಂಗಳ ಹೊಂದ್ಕೋರಿ" ಅಂದರು. ಹೊಂದಿಕೊಂಡೆ, ಆದರೆ ಮರೆತಿಲ್ಲ. ಮುಂದಿನ ಬೇಸಿಗೆಯಲ್ಲಿ ನಾನೂ ರಜೆ ಹಾಕುತ್ತೇನೆ. ನಾವು ತಪ್ಪಿಸಿದ ಕ್ಲಾಸನ್ನು ಸರ್ ಬೇರೆ ದಿನ ತೆಗೆದುಕೊಳ್ಳುವುದೂ ಇಲ್ಲ. ಸೇರುವ ಮುಂಚೆ ಇವೆರಡನ್ನೂ ಬಾಯಿಬಿಟ್ಟು ಕೇಳಿ.

ಇನ್ನೊಂದು, ಕೂರುವುದು ಕೆಳಗೆ ಜಮಖಾನೆ ಮೇಲೆ. ಮೊಣಕಾಲು ನೋವಿದ್ದವರು ಬೇಗ ಬನ್ನಿ. ಕುರ್ಚಿ ಇರುವುದು ಎರಡೇ, ಅದರಲ್ಲಿ ಕಿಟಕಿ ಪಕ್ಕದ್ದು ನನ್ನದು.